ನೀಲಿ ಇದ್ದರೆ ಭಯವಿಲ್ಲ

ಪೌಡರಕ್ಕ ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ತೀರಿಕೊಂಡಳು. ತಾನು ಇಪ್ಪತ್ತೇಳು ವರ್ಷ ಕೆಲಸ ಮಾಡಿದ ಆಸ್ಪತ್ರೆಯಲ್ಲೇ, ನೆಲಮಹಡಿಯ ಹೊಲಿಗೆ ಹಾಕುವ ಕೋಣೆಯಲ್ಲಿ. ಅಂಗೈಗೆ ಆದ ಎರಡಂಗುಲದ ಗಾಯಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಳ್ಳಲು ಹೋಗಿದ್ದಳು. ವಯಸ್ಸು ಐವತ್ತೈದು.

ಆಸ್ಪತ್ರೆಯವರು ಅವಳ ಗಂಡನ ಕೈಗೆ ಕೊಟ್ಟ ಕಾಗದದಲ್ಲಿ ಹೀಗಿದೆ: "ಎಲ್ಲ ಮುನ್ನೆಚ್ಚರಿಕೆಗಳನ್ನು ವಹಿಸಿದ್ದರೂ ರೋಗಿಯ ದೇಹಪ್ರಕೃತಿಯ ಕಾರಣದಿಂದ ಉಂಟಾದ ತೀವ್ರ ಪ್ರತಿಕ್ರಿಯೆ." ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ಇಂಥ ವಾಕ್ಯಗಳನ್ನು ಕಟ್ಟು ಕಟ್ಟಿ ಕಪಾಟಿನಲ್ಲಿಡುವುದೇ ನನ್ನ ಉದ್ಯೋಗ. ಅವು ಹೇಗೆ ಹುಟ್ಟುತ್ತವೆಂದು ಬಲ್ಲೆ. ನಾಲ್ಕು ಜನ ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ, ಚಹಾ ತರಿಸುತ್ತಾರೆ, ಎದ್ದು ಹೋಗುವಷ್ಟರಲ್ಲಿ ತಪ್ಪೆಲ್ಲ ಸತ್ತವರ ಮೈಮೇಲೆ ಹೊದಿಸಿಯಾಗಿರುತ್ತದೆ. ದೇಹಪ್ರಕೃತಿಯಂತೆ. ಆ ದೇಹಕ್ಕೆ ಆ ಪ್ರಕೃತಿಯನ್ನು ಕೊಟ್ಟವರು ಯಾರು ಎಂದು ಕಾಗದದಲ್ಲಿ ಇಲ್ಲ. ಅದನ್ನು ನಾನು ಬರೆಯುತ್ತೇನೆ.

ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದೆವು. ನನಗೆ ದಾಖಲೆ ಕೋಣೆ ಸಿಕ್ಕಿತು, ಅವಳಿಗೆ ಕೈಗವಸಿನ ಕೋಣೆ. ಆಗೆಲ್ಲ ಆಪರೇಷನ್ನಿಗೆ ಬಳಸಿದ ರಬ್ಬರಿನ ಕೈಗವಸುಗಳನ್ನು ಎಸೆಯುತ್ತಿರಲಿಲ್ಲ. ಅವು ಬಕೆಟ್ಟುಗಟ್ಟಲೆ ಹಿಂಭಾಗದ ಉದ್ದನೆಯ ಕೋಣೆಗೆ ಬರುತ್ತಿದ್ದವು. ಅಲ್ಲಿ ಮೂರು ಸಿಂಕು, ಒಂದೇ ಕಿಟಕಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ತೊಳೆದ ಕೈಗವಸುಗಳು ಆ ಹಗ್ಗದಲ್ಲಿ ಕ್ಲಿಪ್ಪು ಕಚ್ಚಿಕೊಂಡು ತೂಗಾಡುತ್ತಿದ್ದವು. ಮೊದಲ ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಅವಳು ಹೇಳಿದ್ದು, "ನೋಡು, ಎಷ್ಟು ಜನ ನಿಂಗೆ ಕೈ ಬೀಸ್ತಿದಾರೆ. ತಿರುಗಿ ಬೀಸು, ಮರ್ಯಾದೆ ಇಲ್ವಾ?" ನಾನು ಬೀಸಿದೆ. ಅಂದಿನಿಂದ ನಾವು ಸ್ನೇಹಿತೆಯರು.

ಒಣಗಿದ ಕೈಗವಸುಗಳನ್ನು ಒಂದು ತಗಡಿನ ಡ್ರಮ್ಮಿಗೆ ಹಾಕಿ, ಮೇಲೆ ಹಿಟ್ಟಿನಂಥ ಬಿಳಿ ಪುಡಿ ಸುರಿದು, ಮುಚ್ಚಳ ಮುಚ್ಚಿ ತಿರುಗಿಸಬೇಕು. ಪುಡಿ ಇಲ್ಲದಿದ್ದರೆ ಡಾಕ್ಟರ ಕೈ ಸಲೀಸಾಗಿ ಒಳಗೆ ಹೋಗುವುದಿಲ್ಲ. ಮುಚ್ಚಳ ತೆಗೆದಾಗ ಒಂದು ಮೋಡವೇ ಎದ್ದು ಕೋಣೆ ತುಂಬುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬರುವಾಗ ಅವಳ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಿರುತ್ತಿದ್ದವು. ಯಾರೋ ಪೌಡರಕ್ಕ ಎಂದರು. ಹೆಸರು ಅಂಟಿಕೊಂಡಿತು. ಸಂಬಳದ ಪಟ್ಟಿಯಲ್ಲಿದ್ದ ಹೆಸರು ಆಮೇಲೆ ಯಾರಿಗೂ ನೆನಪಿರಲಿಲ್ಲ.

ಡ್ರಮ್ಮಿಗೆ ಹಾಕುವ ಮೊದಲು ಇನ್ನೊಂದು ಕೆಲಸವಿತ್ತು, ಪ್ರತಿ ಕೈಗವಸಿನಲ್ಲೂ ತೂತಿದೆಯೇ ಎಂದು ನೋಡುವುದು. ಗೋಡೆಗೆ ಅಂಟಿಸಿದ್ದ ನಿಯಮದ ಪ್ರಕಾರ ನೀರು ತುಂಬಿ ಹಿಂಡಿ ನೋಡಬೇಕು. ಆದರೆ ನೀರು ತುಂಬಿದರೆ ಅದು ಒಣಗಲು ಮತ್ತೆ ಅರ್ಧ ದಿನ. ಆಪರೇಷನ್ ಕೋಣೆಯವರು ಅಷ್ಟು ಹೊತ್ತು ಕಾಯುವವರಲ್ಲ. ಹಾಗಾಗಿ ಆ ಕೋಣೆಯಲ್ಲಿ ಎಲ್ಲರೂ ಬಾಯಿಂದಲೇ ಊದುತ್ತಿದ್ದರು. ಬಾಯಿಗಿಟ್ಟು ಉಬ್ಬಿಸಿ, ಕೆನ್ನೆಯ ಹತ್ತಿರ ಹಿಡಿದರೆ ಗಾಳಿ ಸೋರುವುದು ಚರ್ಮಕ್ಕೇ ಗೊತ್ತಾಗುತ್ತದೆ. ದಿನಕ್ಕೆ ಇನ್ನೂರು ಸಲ ಅವಳ ತುಟಿ ಆ ರಬ್ಬರನ್ನು ಮುಟ್ಟುತ್ತಿತ್ತು. ಮೇಲಿನವರು ಬಂದು ನೋಡುತ್ತಿದ್ದರು. "ಭೇಷ್, ಬೇಗ ಆಗ್ತಿದೆ" ಎಂದು ಹೋಗುತ್ತಿದ್ದರು. ಆ ಭೇಷ್ ಯಾವ ಕಡತದಲ್ಲೂ ಇಲ್ಲ.

ಮೂರನೆಯ ವರ್ಷ ಅವಳ ಕೈ ತುರಿಸಲು ಶುರುವಾಯಿತು. ಬೆರಳ ಸಂದಿಗಳು ಬಿರಿದವು. ಮುಖ್ಯ ನರ್ಸಿಗೆ ತೋರಿಸಿದಳು.

"ರಾಣೀರ ಕೈ ಅಲ್ವಾ, ಕೆಂಪಗಾಗದೆ ಇರುತ್ತಾ?" ಎಂದಳು ಆಕೆ. "ಸೋಪು ಆಗ್ತಿಲ್ಲ ನಿಂಗೆ. ಇಗೋ, ಇದನ್ನ ಹಾಕ್ಕೊಂಡು ತೊಳಿ."

ಕೊಟ್ಟದ್ದು ಒಂದು ಜೊತೆ ರಬ್ಬರಿನ ಕೈಗವಸು. ಯಾವುದು ಅವಳ ಕೈಯನ್ನು ತಿನ್ನುತ್ತಿತ್ತೋ ಅದನ್ನೇ ಔಷಧಿಯೆಂದು ತೊಡಿಸಿದರು. ಐದು ವರ್ಷ ಅವಳು ಅದನ್ನು ತೊಟ್ಟು, ಸೋಪು ಬದಲಿಸಿ, ಎಣ್ಣೆ ಹಚ್ಚಿ, ಮುಲಾಮು ಬಳಿದು, ಬೆಳಗಾದರೆ ಸೀನುತ್ತ, ಭಾನುವಾರ ಮಾತ್ರ ಹುಷಾರಾಗಿರುತ್ತ ಕಳೆದಳು. ಭಾನುವಾರ ಮಾತ್ರ ಏಕೆ ಹುಷಾರು ಎಂದು ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಾದರೂ ಕೇಳಬೇಡವೇ? ನಾನೂ ಕೇಳಲಿಲ್ಲ.

ಒಂದು ಶುಕ್ರವಾರ ನಾನು ಚಹಾ ಹಿಡಿದು ಹೋದಾಗ ಅವಳು ಬಾಗಿಲಿಗೆ ಬಂದಳು. ಮೇಲ್ತುಟಿ ಮೂಗಿಗೆ ತಾಗುವಷ್ಟು ಊದಿತ್ತು. ತಮಾಷೆಗೆ ಹಾಗೆ ಮಾಡಿಕೊಂಡಿದ್ದಾಳೆಂದು ನಕ್ಕುಬಿಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಸಿಳ್ಳೆಯಂಥ ಸದ್ದು ಬಂತು. ಆಮೇಲೆ ಅವಳು ನನ್ನ ರಟ್ಟೆ ಹಿಡಿದ ಬಿಗಿಗೆ ಲೋಟ ಬಿತ್ತು. ಇಬ್ಬರೂ ಓಡಿದೆವು. ತುರ್ತು ಕೋಣೆ ಅರವತ್ತು ಹೆಜ್ಜೆ ದೂರದಲ್ಲಿತ್ತು, ಅವಳು ಅಂದು ಬದುಕಿದ್ದು ಅಷ್ಟಕ್ಕೇ.

ಹೊಸದಾಗಿ ಬಂದಿದ್ದ ಚರ್ಮದ ಡಾಕ್ಟರಮ್ಮ ಅವಳ ಮುಂಗೈ ಮೇಲೆ ಹನಿ ಹನಿ ಏನೇನೋ ಹಾಕಿ ಸೂಜಿಯಿಂದ ಗೀರಿದರು. ಹದಿನೈದು ನಿಮಿಷದಲ್ಲಿ ಒಂದು ಹನಿ ಹಾಕಿದ ಜಾಗ ನಾಣ್ಯದಗಲ ಉಬ್ಬಿ ನಿಂತಿತು.

"ಇದು ಸೋಪಲ್ಲಮ್ಮ, ರಬ್ಬರು," ಎಂದರು. "ರಬ್ಬರ್ ಮರದ ಹಾಲಿಂದ ಮಾಡ್ತಾರಲ್ಲ, ಲ್ಯಾಟೆಕ್ಸು. ಅದರೊಳಗಿನ ಪ್ರೋಟೀನು ನಿಮ್ಮ ಮೈಗೆ ಆಗಲ್ಲ. ನೀವು ಬಳಸ್ತೀರಲ್ಲ ಆ ಪೌಡರು, ಅದು ಪ್ರೋಟೀನನ್ನ ಬೆನ್ನ ಮೇಲೆ ಹೊತ್ಕೊಂಡು ಗಾಳೀಲಿ ಹಾರುತ್ತೆ. ಮುಟ್ಟದಿದ್ರೂ ಉಸಿರಲ್ಲಿ ಒಳಗೆ ಹೋಗುತ್ತೆ."

"ಔಷಧಿ ಬರ್ಕೊಡಿ."

"ಔಷಧಿ ಇಲ್ಲ. ದೂರ ಇರಬೇಕು, ಅಷ್ಟೇ."

"ಎಷ್ಟು ದಿನ?"

"ಬದುಕಿರೋವರೆಗೂ. ಅಭ್ಯಾಸ ಆಗ್ತಾ ಆಗ್ತಾ ಸರಿಹೋಗೋ ಕಾಯಿಲೆ ಅಲ್ಲ ಇದು. ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು."

"ಗಂಡನಿಂದ ದೂರ ಇರು ಅಂದಿದ್ರೆ ಸುಲಭವಾಗ್ತಿತ್ತು ಡಾಕ್ಟರಮ್ಮ," ಎಂದಳು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ, ಹಾಗಾಗಿ ಮಾತು ಕಡಿಮೆ. ಡಾಕ್ಟರಮ್ಮ ಬರೆದುಕೊಟ್ಟ ಪಟ್ಟಿಯನ್ನು ಆ ಸಂಜೆ ನಾನು ಓದಿದೆ, ಅವನು ಕನ್ನಡಕ ಹಾಕಿಕೊಂಡು ಕೇಳಿದ. ಎಳೆದರೆ ಹಿಗ್ಗುವ ತೆಳುವಾದ ರಬ್ಬರೇ ಹೆಚ್ಚು ಅಪಾಯ, ಚಪ್ಪಲಿಯ ಗಟ್ಟಿ ಅಟ್ಟೆ, ಟೈರು ಅಷ್ಟಲ್ಲ. ಅವನು ಒಂದು ಬುಟ್ಟಿ ತೆಗೆದುಕೊಂಡು ಮನೆಯೆಲ್ಲ ಸುತ್ತಿದ. ಪಾತ್ರೆ ತೊಳೆಯುವ ಕೈಗವಸು, ಬಿಸಿನೀರಿನ ಚೀಲ, ಡಬ್ಬದ ಮುಚ್ಚಳದ ರಬ್ಬರಿನ ಬಳೆ, ಮಗಳ ಕೂದಲಿನ ಬ್ಯಾಂಡು, ಅವಳ ಪೆನ್ಸಿಲ್ ಅಳಿಸುವ ರಬ್ಬರು, ಕಾಗದದ ಕಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳು, ಎಲ್ಲ ಬುಟ್ಟಿಗೆ ಹೋದವು. ಮುಂದಿನ ಎರಡು ಭಾನುವಾರ ಕೂತು ಹೆಂಡತಿಯ ಬಟ್ಟೆಗಳ ಇಲಾಸ್ಟಿಕ್ಕನ್ನೆಲ್ಲ ಬಿಚ್ಚಿ, ಆ ಜಾಗಕ್ಕೆ ಹತ್ತಿಯ ಲಾಡಿ ಪೋಣಿಸಿದ.

"ಈ ವಯಸ್ಸಲ್ಲಿ ಲಾಡಿ ಕಟ್ಕೊಂಡು ಓಡಾಡ್ಬೇಕಾ ನಾನು?"

"ಬಿಗಿಯಾಗಿ ಕಟ್ಟೇ. ಜಾರದಿದ್ರೆ ಸಾಕು."

"ನಿಮ್ಮಣ್ಣನ ಬುದ್ಧಿವಂತಿಕೆ ನೋಡು," ಎಂದಳು ನನಗೆ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅವಳು ನನ್ನನ್ನು ಪುಸ್ತಕ ಎಂದು ಕರೆಯುತ್ತಿದ್ದಳು. ನಾನು ಯಾವಾಗಲೂ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದೆನೆಂದು. "ಏ ಪುಸ್ತಕ, ಇದೂ ಬರ್ದಿದಾರಾ ನೋಡು, ಬಾಳೆಹಣ್ಣು ತಿಂದ್ರೂ ಬಾಯಿ ತುರಿಸುತ್ತೆ." ಬರೆದಿದ್ದರು. ರಬ್ಬರಿನ ಪ್ರೋಟೀನನ್ನು ಹೋಲುವುದು ಕೆಲವು ಹಣ್ಣುಗಳಲ್ಲೂ ಇರುತ್ತದಂತೆ. ಅವಳಿಗೆ ರಬ್ಬರಿನ ಮೇಲಿಗಿಂತ ಹೆಚ್ಚು ಸಿಟ್ಟು ಬಂದದ್ದು ಬಾಳೆಹಣ್ಣಿನ ಮೇಲೆ. "ಇದಕ್ಕೆ ನಾನೇನು ಅನ್ಯಾಯ ಮಾಡಿದ್ದೆ?" ಎಂದಳು.

ಮಣಿಕಟ್ಟಿಗೆ ಅಲರ್ಜಿಯ ವಿವರ ಕೆತ್ತಿದ ಉಕ್ಕಿನ ಬಳೆ ಬಂತು. ತುರ್ತು ಔಷಧಿ ತುಂಬಿದ, ಚುಚ್ಚಿಕೊಳ್ಳುವ ಪೆನ್ನು ಬಂತು. ಉಸಿರು ಕಟ್ಟಿದರೆ ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಬೇಕು. ಯಾರನ್ನು ಭೇಟಿಯಾದರೂ ಮೊದಲು ಅದನ್ನು ತೋರಿಸಿ ಹೇಗೆ ಒತ್ತಬೇಕೆಂದು ಕಲಿಸುತ್ತಿದ್ದಳು. ಜನ ತಲೆಯಾಡಿಸಿ ಮರೆಯುತ್ತಿದ್ದರು. ಅವರ ಕಣ್ಣಿಗೆ ಅದು ಕಾಯಿಲೆಯೇ ಅಲ್ಲ, ಬಿಂಕ. ನಾಲ್ಕು ವರ್ಷದ ಹಿಂದೆ ಮೊಮ್ಮಗಳ ಮೊದಲ ಹುಟ್ಟುಹಬ್ಬ ಅವಳ ನಾದಿನಿಯ ಮನೆಯಲ್ಲಿ ಆಯಿತು. ಬಲೂನು ಮಾತ್ರ ಕಟ್ಟಬೇಡಿ ಎಂದು ಮೂರು ಸಲ ಹೇಳಿ ಕಳಿಸಿದ್ದಳು. ಹೋಗಿ ನೋಡಿದರೆ ಛಾವಣಿಯೇ ಕಾಣದಷ್ಟು ಬಲೂನು.

"ಮುಟ್ಟಬೇಡ, ಅಷ್ಟೇ ತಾನೇ?" ಎಂದಳು ನಾದಿನಿ. "ಬಲೂನು ಬಂದು ನಿನ್ನನ್ನೇ ಅಪ್ಕೊಳ್ಳುತ್ತಾ? ಮಗುಗೆ ಮೊದಲನೇ ವರ್ಷ, ಮನೆ ಬೋಳು ಬೋಳಾಗಿರಕ್ಕಾಗುತ್ತಾ?"

ಪೌಡರಕ್ಕ ಜಗಳವಾಡಲಿಲ್ಲ. ಹೊರಗೆ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತು, ಕಿಟಕಿಯಲ್ಲಿ ಮೊಮ್ಮಗಳು ಮೇಣದಬತ್ತಿ ಊದುವುದನ್ನು ನೋಡಿದಳು. ದರ್ಜಿ ಎರಡು ತಟ್ಟೆ ಕೇಕು ಹಿಡಿದು ಬಂದು ಪಕ್ಕದಲ್ಲಿ ನಿಂತ. ಗಂಡ ಹೆಂಡತಿ ರಸ್ತೆಯಲ್ಲೇ ನಿಂತು ತಿಂದರು. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು. ನಾನು ನಗಲಿಲ್ಲ. ನಾದಿನಿ ಮೊನ್ನೆ ಸಾವಿನ ಮನೆಗೆ ಬಂದು ಎದೆ ಬಡಿದುಕೊಂಡು ಅತ್ತಾಗ ನನಗೆ ಆ ಕೇಕಿನ ತಟ್ಟೆಗಳೇ ಕಣ್ಣಿಗೆ ಕಟ್ಟಿದವು.

ಆಸ್ಪತ್ರೆಯ ಕಥೆಗೆ ಬರುತ್ತೇನೆ. ಅವಳ ಕಾಯಿಲೆ ಏನೆಂದು ಗೊತ್ತಾದ ತಿಂಗಳಲ್ಲೇ ದೊಡ್ಡ ಡಾಕ್ಟರು, ಎಂದರೆ ಆಸ್ಪತ್ರೆಯ ಮುಖ್ಯಸ್ಥರು, ಕರೆಸಿದರು. ಮೇಜಿನ ಮೇಲೆ ಒಂದು ಅರ್ಜಿ ಬರೆದು ತಯಾರಾಗಿತ್ತು. ಕೆಲಸಕ್ಕೆ ಅಸಮರ್ಥಳು, ತಾನಾಗಿ ಬಿಡುತ್ತಿದ್ದೇನೆ ಎಂದು.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮನೇಲಿ ವಿಶ್ರಾಂತಿ ತಗೊಳ್ಳಿ."

"ಕಾಯಿಲೆ ಕೊಟ್ಟಿದ್ದು ನೀವು, ಮನೆಗೆ ಹೋಗೋದು ನಾನಾ?" ಎಂದಳು. "ಎಂಟು ವರ್ಷ ನಿಮ್ಮ ಗ್ಲೌಸು ಊದಿದೀನಿ ಸಾರ್. ಈಗ ನನ್ನನ್ನೇ ಊದಿಬಿಡ್ತೀರಾ?"

ಸಹಿ ಹಾಕಲಿಲ್ಲ. ಅವಳನ್ನು ಬಟ್ಟೆ ಕೋಣೆಗೆ ಹಾಕಿದರು. ಅಲ್ಲಿ ಹಾಸಿಗೆಯ ಹೊದಿಕೆ, ರೋಗಿಗಳ ನಿಲುವಂಗಿ ಮಡಿಸಿ ಜೋಡಿಸುವ ಕೆಲಸ. ಅಲ್ಲೂ ಬಿಡಲಿಲ್ಲ. ಆಪರೇಷನ್ ಮುಗಿಸಿದವರು ಕೈಗವಸು ಕಳಚಿ ಹಾಸಿಗೆಯ ಮೇಲೇ ಎಸೆಯುತ್ತಿದ್ದರು. ಹೊದಿಕೆ ಕೊಡವಿದರೆ ಉಂಡೆಯಾದ ಕೈಗವಸು ಬೀಳುತ್ತಿತ್ತು, ಪುಡಿ ಹಾರುತ್ತಿತ್ತು, ಅವಳು ಕಿಟಕಿಗೆ ಓಡುತ್ತಿದ್ದಳು. ಆ ವರ್ಷ ಎರಡು ಸಲ ಪೆನ್ನು ಚುಚ್ಚಿಕೊಂಡಳು. ಬಿಟ್ಟುಬಿಡೇ ಎಂದು ದರ್ಜಿ ಕೈಮುಗಿದ. ನಾನೂ ಹೇಳಿದೆ.

"ನಾನು ಬಿಟ್ರೆ ಸಮಸ್ಯೆ ಮುಗೀತು ಅಂತ ಬೀಗ ಹಾಕ್ತಾರೆ," ಎಂದಳು. "ಇಲ್ಲಿ ಮಲಗಿರೋರಲ್ಲಿ ನನ್ನಂಥೋರು ಇಲ್ವಾ? ಏ ಪುಸ್ತಕ, ನಿನ್ನ ಕಪಾಟಲ್ಲಿ ಹುಡುಕು."

ಹುಡುಕಿದೆ. ಒಂದು ತಿಂಗಳು ಕೂತು ಹುಡುಕಿದೆ. ಹಿಂದಿನ ಮೂರು ವರ್ಷದಲ್ಲಿ ಏಳು ಕಡತ ಸಿಕ್ಕವು. ಅದರಲ್ಲಿ ಒಂದು ಹುಟ್ಟಿದಾಗಿನಿಂದ ಹನ್ನೊಂದು ಆಪರೇಷನ್ ಆಗಿದ್ದ ಹುಡುಗಿಯದು. ಪ್ರತಿ ಸಲ ರಬ್ಬರಿನ ನಳಿಕೆ ಹಾಕಿದಾಗ ಅವಳ ಮೈಯೆಲ್ಲ ದದ್ದು, ರಕ್ತದೊತ್ತಡ ಪಾತಾಳಕ್ಕೆ. ಕಾರಣ ಎಂಬ ಕಡೆ ಏಳೂ ಕಡತಗಳಲ್ಲಿ ಒಂದೇ ಮಾತಿತ್ತು: ತಿಳಿಯದು. ಪೌಡರಕ್ಕ ಆ ಏಳನ್ನೂ ಎದೆಗೊತ್ತಿಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟು, "ಓದಿ. ನಾನು ಇಲ್ಲೇ ಕೂತಿರ್ತೀನಿ" ಎಂದಳು. ಚರ್ಮದ ಡಾಕ್ಟರಮ್ಮ ಬಂದು ಪಕ್ಕದಲ್ಲಿ ನಿಂತರು. ಆ ವರ್ಷವೇ ಕೈಗವಸಿನ ಕೋಣೆ ಮುಚ್ಚಿತು. ಪುಡಿ ನಿಂತಿತು. ಅಲರ್ಜಿ ಇರುವವರಿಗೆಂದು ನೈಟ್ರೈಲ್ ಎಂಬ ಬೇರೆ ವಸ್ತುವಿನ ಕೈಗವಸು ಬಂತು. ಅದರಲ್ಲಿ ರಬ್ಬರ್ ಮರದ ಹಾಲು ಒಂದು ಹನಿಯೂ ಇಲ್ಲ.

ಅದರ ಬಣ್ಣ ನೀಲಿ. ಉಳಿದವರಿಗೆ ಪುಡಿಯಿಲ್ಲದೆ ಮುಂದುವರಿದ ರಬ್ಬರಿನದರ ಬಣ್ಣ ಬಿಳಿ.

ನೈಟ್ರೈಲ್ ಎಂಬ ಪದ ವಾರ್ಡುಗಳಲ್ಲಿ ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಪೆಟ್ಟಿಗೆಯ ಮೇಲಿನ ಇರುವೆ ಅಕ್ಷರ ಓದಲು ಯಾರಿಗೂ ವ್ಯವಧಾನ ಇರಲಿಲ್ಲ. ಆಗ ಅವಳೇ ದಾರಿ ಹುಡುಕಿದಳು. ನೀಲಿ ಕಂಡರೆ ಸರಿ, ಬಿಳಿ ಕಂಡರೆ ದೂರ. ಒಂದು ಫಲಕ ಬರೆದುಕೊಡು ಎಂದು ನನ್ನ ಹತ್ತಿರ ಬಂದಳು, ನನ್ನ ಅಕ್ಷರ ದುಂಡಗಿದೆಯೆಂದು. ಅವಳು ಹೇಳಿದ್ದು ಎರಡು ಸಾಲು. ನೀಲಿ ಇದ್ದರೆ ಭಯವಿಲ್ಲ. ಆದರೂ ಪೆಟ್ಟಿಗೆ ತಿರುಗಿಸಿ ಓದಿ.

"ಎರಡನೇ ಸಾಲು ಬೇಡ," ಎಂದೆ ನಾನು. "ಉದ್ದ ಆದ್ರೆ ಯಾರೂ ಓದಲ್ಲ. ಮೊದಲನೇದು ಚೆನ್ನಾಗಿದೆ, ಮನಸ್ಸಲ್ಲಿ ನಿಲ್ಲುತ್ತೆ."

"ನೀನು ಓದಿದೋಳು. ನಿಂಗೇ ಗೊತ್ತು," ಎಂದಳು.

ನಾನು ಒಂದೇ ಸಾಲು ಬರೆದೆ. ಹದಿನೆಂಟು ಫಲಕ. ಚೆನ್ನಾಗಿಯೇ ಬರೆದೆ. ಅವು ಇವತ್ತಿಗೂ ಗೋಡೆಗಳ ಮೇಲಿವೆ.

ಹೊಸ ನರ್ಸುಗಳು, ಆಯಾಗಳು ಯಾರೇ ಬರಲಿ, ಮೊದಲ ದಿನ ಪೌಡರಕ್ಕ ಬಟ್ಟೆ ಕೋಣೆಯ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದಳು. "ನೀಲಿ ಅಂದ್ರೆ?" "ಭಯವಿಲ್ಲ ಅಕ್ಕ." "ಬಿಳಿ ಅಂದ್ರೆ?" "ಅಕ್ಕ ಢಮಾರ್." "ಜಾಣೆ, ಹೋಗು." ಹುಡುಗಿಯರು ನಗುತ್ತ ಕಲಿಯುತ್ತಿದ್ದರು. ರೋಗಿಯ ಕೈಯಲ್ಲಿ ಅವಳಂಥದ್ದೇ ಉಕ್ಕಿನ ಬಳೆ ಕಂಡರೆ ಹೇಳಿಸಿಕೊಳ್ಳದೆ ನೀಲಿ ತೊಡುತ್ತಿದ್ದರು. ಹನ್ನೊಂದು ಆಪರೇಷನ್ನಿನ ಆ ಹುಡುಗಿಗೆ ಹನ್ನೆರಡನೆಯದೂ ಹದಿಮೂರನೆಯದೂ ದದ್ದಿಲ್ಲದೆ ಆದವು. ಪೌಡರಕ್ಕ ಅಂದು ನನ್ನನ್ನು ಕಾರಿಡಾರಿನಲ್ಲಿ ಹಿಡಿದು ಕುಣಿಸಿಬಿಟ್ಟಳು, ಕಂಕುಳಲ್ಲಿದ್ದ ಪುಸ್ತಕ ಸಮೇತ.

ಹದಿನೇಳು ವರ್ಷ ನೀಲಿ ಕಾಪಾಡಿತು. ಆ ಹದಿನೇಳು ವರ್ಷದಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯಿತು. ವಾರ್ಡಿನಿಂದ ಉಗ್ರಾಣಕ್ಕೆ ಬೇಡಿಕೆಯ ಚೀಟಿ ಹೋಗುತ್ತದಲ್ಲ, ಮೊದಲು ಅದರಲ್ಲಿ "ನೈಟ್ರೈಲ್ ಕೈಗವಸು, ನೀಲಿ" ಎಂದು ಬರೆಯುತ್ತಿದ್ದರು. ಆಮೇಲೆ "ನೀಲಿ ಕೈಗವಸು, ನೈಟ್ರೈಲ್" ಆಯಿತು. ಆಮೇಲೆ ಬರೀ "ನೀಲಿ ಕೈಗವಸು". ಹಳೆಯ ಚೀಟಿಗಳೆಲ್ಲ ನನ್ನ ಕೋಣೆಗೇ ಬರುತ್ತವೆ. ಈ ವಾರ ತೆಗೆದು ನೋಡಿದೆ. ಕೊನೆಯ ಆರು ವರ್ಷ ಯಾವ ಚೀಟಿಯಲ್ಲೂ ನೈಟ್ರೈಲ್ ಎಂಬ ಪದವಿಲ್ಲ. ಬರೆದವರಿಗೆ ಅದರ ಅಗತ್ಯ ಕಾಣಲಿಲ್ಲ. ನೀಲಿ ಎಂದರೆ ಅದೇ ತಾನೇ?

ಆರು ವಾರದ ಹಿಂದೆ ಉಗ್ರಾಣಕ್ಕೆ ಹೊಸ ಪೆಟ್ಟಿಗೆಗಳು ಬಂದವು. ಬೇರೆ ಕಡೆಯಿಂದ ತರಿಸಿದ್ದು. ಒಳಗಿನ ಕೈಗವಸು ನೀಲಿ, ಅದೇ ಆಕಾಶದ ನೀಲಿ. ಪೆಟ್ಟಿಗೆಯ ತಳದಲ್ಲಿ, ಬಾರ್‌ಕೋಡಿನ ಕೆಳಗೆ, ಇದನ್ನು ನೈಸರ್ಗಿಕ ರಬ್ಬರ್ ಲ್ಯಾಟೆಕ್ಸಿನಿಂದ ಮಾಡಲಾಗಿದೆ, ಪುಡಿ ಲೇಪಿಸಲಾಗಿದೆ ಎಂದು ಬರೆದಿತ್ತು.

ಅವಳು ತೀರಿಕೊಂಡ ಮೇಲೆ ಉಗ್ರಾಣದ ಅಧಿಕಾರಿಯ ಹತ್ತಿರ ನಾನು ಆ ಪೆಟ್ಟಿಗೆ ಹಿಡಿದೇ ಹೋದೆ.

"ಕೇಳಿದ್ದು ನೀಲಿ, ಕೊಟ್ಟಿದ್ದು ನೀಲಿ," ಎಂದ. "ಚೀಟಿ ತೋರಿಸ್ಲಾ?"

"ಇದು ರಬ್ಬರು ಅಂತ ತಳದಲ್ಲಿ ಬರ್ದಿದೆ."

"ಅದನ್ನ ಹಾಕ್ಕೊಳ್ಳೋರು ಓದಬೇಕು ಮೇಡಂ. ನಾನು ಪೆಟ್ಟಿಗೆ ಎಣಿಸೋನು."

"ಓದೋರು ಯಾರೂ ಇಲ್ಲ ಅಂತ ನಿಮಗೆ ಗೊತ್ತಿತ್ತು."

"ನೀಲಿ ಇದ್ದರೆ ಭಯವಿಲ್ಲ ಅಂತ ಗೋಡೆ ತುಂಬ ಬರೆದಿಟ್ಟಿದ್ದು ನಾನಾ?" ಎಂದ ಅವನು.

ಯಾರ ಅಕ್ಷರವೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಮುಖಕ್ಕೆ ಪೆಟ್ಟಿಗೆ ಎಸೆಯಬೇಕೆಂದು ಎತ್ತಿದ ಕೈ ಹಾಗೇ ನಿಂತಿತು. ಅವನು ಕೈ ತೊಳೆದುಕೊಂಡ, ದೊಡ್ಡ ಡಾಕ್ಟರು ಕೈ ತೊಳೆದುಕೊಂಡರು. ನನಗೆ ತೊಳೆದುಕೊಳ್ಳುವ ಜಾಗವಿಲ್ಲ. ಆದರೆ ಇಷ್ಟು ಹೇಳುತ್ತೇನೆ. ಬರೆದವಳ ತಪ್ಪು ನಾನು ಒಪ್ಪುತ್ತೇನೆ, ಸಹಿ ಹಾಕಿ ಕೊಡುತ್ತೇನೆ, ಫಲಕಗಳನ್ನೆಲ್ಲ ನಾನೇ ಕಿತ್ತುಹಾಕುತ್ತೇನೆ. ಅವರೂ ತಮ್ಮ ತಮ್ಮ ಪಾಲನ್ನು ಬರೆದುಕೊಡಲಿ. ಓದದೆ ತರಿಸಿದವನು, ಪುಡಿ ನಿಷೇಧವಾದ ಆಸ್ಪತ್ರೆಗೆ ಪುಡಿಯ ಪೆಟ್ಟಿಗೆ ಬಂದದ್ದನ್ನು ಆರು ವಾರ ನೋಡದವರು, ಬಾಯಿಂದ ಊದುವುದನ್ನು ಕಂಡು ಭೇಷ್ ಎಂದವರು. ದೇಹಪ್ರಕೃತಿ ಎಂಬ ಆ ಪದವನ್ನು ಹೊಡೆದುಹಾಕಲಿ. ನಾನು ಕೇಳುತ್ತಿರುವುದು ಅಷ್ಟೇ. ಅಷ್ಟಕ್ಕೇ ನನ್ನನ್ನು ಎರಡು ಸಲ ಕೋಣೆಯಿಂದ ಹೊರಗೆ ಕಳಿಸಿದ್ದಾರೆ.

ಆ ಮಂಗಳವಾರ ಏನಾಯಿತೆಂದು ಹೇಳಿದವಳು ಹೊಲಿಗೆ ಕೋಣೆಯ ಚಿಕ್ಕ ನರ್ಸು. ಎರಡು ವರ್ಷದ ಹಿಂದೆ ಪೌಡರಕ್ಕನ ಬಾಗಿಲಲ್ಲಿ ನಿಂತು ಢಮಾರ್ ಎಂದು ಕಲಿತವಳೇ. ನನ್ನ ಮುಂದೆ ಕೂತು ತನ್ನ ಎರಡು ಕೈಗಳನ್ನೇ ನೋಡುತ್ತ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಬಟ್ಟೆ ಕೋಣೆಯ ಕಪಾಟಿನ ಗಾಜು ಒಡೆದು ಬಲ ಅಂಗೈ ಸೀಳಿತ್ತು. ಪೌಡರಕ್ಕ ಅದಕ್ಕೆ ಒಂದು ತಲೆದಿಂಬಿನ ಹೊದಿಕೆ ಸುತ್ತಿಕೊಂಡು ತಾನೇ ನಡೆದು ಬಂದಳು. ಪೆನ್ನು ಇದ್ದ ಏಪ್ರನ್ನಿಗೆ ರಕ್ತವಾಯಿತೆಂದು ಬಿಚ್ಚಿ ನೆನೆಹಾಕಿ ಬಂದಿದ್ದಳು. ಇಪ್ಪತ್ತೇಳು ವರ್ಷ ಊರವರ ರಕ್ತ ತೊಳೆದವಳಿಗೆ ತನ್ನ ರಕ್ತ ನೋಡಲಾಗುತ್ತಿರಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದಳು.

"ಹೊಲಿಗೆ ನೇರವಾಗಿ ಹಾಕೇ," ಎಂದಳು. "ಮನೇಲಿ ದರ್ಜಿ ಇದಾನೆ, ನೋಡಿ ಆಡ್ಕೋತಾನೆ."

ಮೇಜಿನ ಮೇಲೆ ಬಿಳಿ ಕೈಗವಸಿನ ಪೆಟ್ಟಿಗೆ ತೆರೆದಿತ್ತು. ಚಿಕ್ಕ ನರ್ಸು ಅದನ್ನು ದೂರ ಸರಿಸಿ, ಅಕ್ಕನಿಗೆಂದೇ ಕಪಾಟಿನಿಂದ ಹೊಸ ನೀಲಿ ಪೆಟ್ಟಿಗೆ ತೆಗೆದು ಒಡೆದಳು. ತೊಟ್ಟುಕೊಂಡು ಕೈ ಎತ್ತಿ ತೋರಿಸಿದಳು. "ನೋಡಕ್ಕ, ನೀಲಿ."

ಪೌಡರಕ್ಕ ತಿರುಗದೆಯೇ, "ನೀಲಿ ಆದ್ರೆ ಸರಿ. ಬೇಗ ಮುಗಿಸು," ಎಂದಳು.

ಎರಡನೆಯ ಹೊಲಿಗೆಗೆ ಕೆಮ್ಮಿದಳು. ಮೂರನೆಯದಕ್ಕೆ ಕುತ್ತಿಗೆ ಕೆಂಪಾಯಿತು. ತೆರೆದ ಗಾಯದೊಳಗೇ ರಬ್ಬರಿನ ಪ್ರೋಟೀನು ಹೋಗಿತ್ತು. ಚಿಕ್ಕ ನರ್ಸು ಕೂಗಿದಳು, ಡಾಕ್ಟರು ಓಡಿಬಂದರು, ತೊಡೆಗೆ ಸೂಜಿ ಕೊಟ್ಟರು. ಪೌಡರಕ್ಕನಿಗೆ ಉಸಿರು ಸ್ವಲ್ಪ ಮರಳಿತು, ಕಣ್ಣು ತೆರೆದಳು. ಎಲ್ಲಿಂದ ಬಂತು ಈ ಅಲರ್ಜಿ ಎಂದು ಡಾಕ್ಟರಿಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಬಿಳಿ ಪೆಟ್ಟಿಗೆಯನ್ನು ಕಾರಿಡಾರಿಗೆ ಎಸೆಯಿಸಿದರು. "ಎಲ್ಲರೂ ನೀಲಿ ಹಾಕ್ಕೊಳ್ಳಿ, ಹೊಸದು ಹಾಕ್ಕೊಳ್ಳಿ," ಎಂದು ಕಿರುಚಿದರು. ನಾಲ್ಕು ಜನ ಹೊಸ ನೀಲಿ ಕೈಗವಸು ಎಳೆದು ತೊಟ್ಟರು. ಅವಳ ಮೇಲಿನ ಪ್ರೀತಿಗೆ, ಅವಳು ಕಲಿಸಿದ ಹಾಗೇ, ಎಂಟು ನೀಲಿ ಕೈಗಳು ಅವಳ ಬಾಯಿ, ಗಂಟಲು, ಕೈ, ಎದೆ ಹಿಡಿದವು. ದೀಪದ ಬೆಳಕಿನಲ್ಲಿ ಸಣ್ಣಗೆ ಪುಡಿ ಹಾರುತ್ತಿತ್ತೆಂದು ಚಿಕ್ಕ ನರ್ಸಿಗೆ ಈಗ ನೆನಪಾಗುತ್ತದೆ.

ಪೌಡರಕ್ಕನಿಗೆ ಅದು ಆಗಲೇ ಕಂಡಿತ್ತು. ಎಂಟು ವರ್ಷ ಆ ಪುಡಿಯಲ್ಲಿ ಇದ್ದವಳಿಗೆ ಕಾಣದೆ ಇರುತ್ತದೆಯೇ? ಮಾತು ಹೊರಡುವ ಹಾಗಿರಲಿಲ್ಲ. ಗಾಯವಾಗದ ಎಡಗೈ ಚಾಚಿ ಚಿಕ್ಕ ನರ್ಸಿನ ಕೈ ಹಿಡಿದಳು.

"ಹೆದರ್ಕೊಂಡು ಕೈ ಹಿಡ್ಕೋತಿದಾರೆ ಅಂದ್ಕೊಂಡೆ," ಎಂದಳು ಹುಡುಗಿ. "ನಾನೂ ಗಟ್ಟಿಯಾಗಿ ಹಿಡ್ಕೊಂಡೆ. ಇಲ್ಲೇ ಇದೀನಿ ಅಕ್ಕ, ಬಿಡಲ್ಲ ಅಂದೆ."

ಎಲ್ಲ ಮುಗಿದ ಮೇಲೆ ಅವಳು ತನ್ನ ಕೈ ಬಿಡಿಸಿಕೊಳ್ಳಲು ಹೋಗಿ ನೋಡಿದಳು. ನೀಲಿ ಕೈಗವಸಿನ ಮೂರು ಬೆರಳು ತುದಿಯವರೆಗೆ ಎಳೆದು, ಒಳಗು ಹೊರಗಾಗಿದ್ದವು. ನಾಲ್ಕನೆಯದು ಪೌಡರಕ್ಕನ ಹೆಬ್ಬೆರಳು ತೋರುಬೆರಳಿನ ನಡುವೆ ಇನ್ನೂ ಸಿಕ್ಕಿಕೊಂಡಿತ್ತು. ಪೌಡರಕ್ಕ ಕೈಗವಸು ಕಳಚುತ್ತಿದ್ದಳು.